ಆಲಿಕಲ್ಲು ಬಿದ್ದ ರೂಫ್: ವಾರಂಟಿ ಕೇಳಬೇಕೋ, ಇನ್ಶೂರೆನ್ಸ್ ಕ್ಲೇಮ್ ಹಾಕಬೇಕೋ?

ಪ್ಲೇನೋ_ಪಡಸಾಲೆ

ಡಲ್ಲಾಸ್ ಕಡೆಯವರು, ರೂಫ್ ವಿಷಯ ತಿಳಿದವರು ಸ್ವಲ್ಪ ಹೇಳಿ. ಮನೆಗೆ 12 ವರ್ಷ, ಕಟ್ಟಿದಾಗ ಹಾಕಿದ ಆರ್ಕಿಟೆಕ್ಚರಲ್ ಶಿಂಗಲ್ಲೇ (ದಪ್ಪ ಪದರದ ಡಾಂಬರು ಬಿಲ್ಲೆ) ಇದೆ, ಸುಮಾರು 32 ಸ್ಕ್ವೇರ್ (ಒಂದು ಸ್ಕ್ವೇರ್ ಅಂದರೆ 100 ಚದರಡಿ). ಹೋದ ವಾರದ ಆಲಿಕಲ್ಲಿಗೆ ಗಟರ್ ತಗ್ಗುಬಿದ್ದಿದೆ, ಎಸಿ ಯೂನಿಟ್ಟಿನ ರೆಕ್ಕೆ ಮಡಚಿವೆ. ಮೇಲಿನ ಬೆಡ್‌ರೂಮ್ ಸೀಲಿಂಗ್‌ನಲ್ಲಿ ಒಂದು ಕಂದು ಕಲೆಯೂ ಇದೆ. ಶಿಂಗಲ್‌ಗೆ 'ಲೈಫ್‌ಟೈಮ್ ವಾರಂಟಿ' ಅಂತ ಮನೆ ಕಾಗದದಲ್ಲಿದೆ. ಪಾಲಿಸಿಯಲ್ಲಿ ವಿಂಡ್-ಹೇಲ್ ಡಿಡಕ್ಟಿಬಲ್ (ಗಾಳಿ-ಆಲಿಕಲ್ಲಿನ ಹಾನಿಯಲ್ಲಿ ನಾವೇ ಭರಿಸಬೇಕಾದ ಪಾಲು) 2%. ಬಾಗಿಲಿಗೆ ಬಂದ ಒಬ್ಬ ರೂಫರ್ "ಡಿಡಕ್ಟಿಬಲ್ ನಿಮ್ಮ ಮೇಲೆ ಬೀಳದ ಹಾಗೆ ನೋಡ್ಕೋತೀವಿ, ಇಲ್ಲೊಂದು ಸಹಿ ಹಾಕಿ" ಅಂತಿದ್ದಾರೆ. ವಾರಂಟಿ, ಇನ್ಶೂರೆನ್ಸ್, ಎರಡರಲ್ಲಿ ಮೊದಲು ಯಾವುದು?

ಏಣಿ_ಮೇಲೆ

ಮೊದಲು, ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ಹಾನಿಗೆ ಕಾರಣ ಏನು ಅನ್ನೋದರ ಮೇಲೆ ಹಣ ಯಾರು ಕೊಡ್ತಾರೆ ಅನ್ನೋದು ನಿಂತಿದೆ. ಶಿಂಗಲ್ ತಯಾರಿಕೆಯಲ್ಲೇ ದೋಷ ಇದ್ದರೆ ಶಿಂಗಲ್ ಕಂಪನಿ. ಮೊಳೆ ಹೊಡೆದವರ ಕೆಲಸ ಕೆಟ್ಟಿದ್ದರೆ ಆ ರೂಫರ್ ಅಥವಾ ಬಿಲ್ಡರ್. ಆಲಿಕಲ್ಲು, ಗಾಳಿ, ಮರ ಬಿದ್ದದ್ದು, ಬೆಂಕಿ, ಇವು ಇನ್ಶೂರೆನ್ಸ್. ವಯಸ್ಸಾಗಿ ಸವೆದಿದ್ದರೆ ನಿಮ್ಮ ಜೇಬೇ. ಶಿಂಗಲ್ ಕಂಪನಿಗಳ ಸಾಮಾನ್ಯ ವಾರಂಟಿಯಲ್ಲಿ ಆಲಿಕಲ್ಲಿನ ಪೆಟ್ಟು, ಕೊಂಬೆ ಬಿದ್ದದ್ದು, ಮೇಲೆ ಓಡಾಡಿ ಕೆಟ್ಟದ್ದು, ಕೆಳಗಿನ ಹಲಗೆ ಬಾಗಿದ್ದು, ಆಟಿಕ್‌ನಲ್ಲಿ (ರೂಫ್ ಕೆಳಗಿನ ಅಟ್ಟ) ಗಾಳಿಯಾಡದೆ ಬೆಂದದ್ದು, ಇವೆಲ್ಲ ಹೊರಗೆ. ಹಾಗಾಗಿ ಹೋದ ವಾರದ ಪೆಟ್ಟಿಗೆ ವಾರಂಟಿ ಕಾಗದ ಹುಡುಕಿ ಪ್ರಯೋಜನ ಇಲ್ಲ.

ಸೀಲಿಂಗ್ ಕಲೆ ಮಾತ್ರ ಬೇರೆ ವಿಷಯ ಇರಬಹುದು, ಅದನ್ನ ಆಲಿಕಲ್ಲಿನ ಜೊತೆ ಗಂಟು ಹಾಕೋ ಮುಂಚೆ ಆಟಿಕ್‌ಗೆ ಟಾರ್ಚ್ ಹಿಡಿದು ಹೋಗಿ. ಈ ವಯಸ್ಸಿನ ರೂಫ್‌ನಲ್ಲಿ ನೀರು ಮೊದಲು ಬರೋದು ಸಾಮಾನ್ಯವಾಗಿ ಶಿಂಗಲ್‌ನಿಂದ ಅಲ್ಲ, ಪೈಪ್ ಬೂಟ್‌ನಿಂದ. ಬಾತ್‌ರೂಮ್ ವೆಂಟ್ ಪೈಪ್ ಸುತ್ತ ಇರೋ ಕಪ್ಪು ರಬ್ಬರ್ ಕೊರಳುಪಟ್ಟಿ ಟೆಕ್ಸಸ್ ಬಿಸಿಲಿಗೆ ಹತ್ತು ವರ್ಷದೊಳಗೇ ಸೀಳಿಬಿಡುತ್ತೆ. ನೀರು ಪೈಪ್ ಹಿಡಿದು ಇಳಿದು, ರಾಫ್ಟರ್ ಮೇಲೆ ಹರಿದು, ನಾಲ್ಕೈದು ಅಡಿ ದೂರದಲ್ಲಿ ಸೀಲಿಂಗ್‌ನ ಶೀಟ್‌ರಾಕ್ (ಜಿಪ್ಸಮ್ ಹಲಗೆ) ಮೇಲೆ ಬೀಳುತ್ತೆ. ಕಲೆಯ ನೇರ ಮೇಲೆ ನೋಡಿ "ಏನೂ ಇಲ್ಲ" ಅನ್ನಬೇಡಿ, ಇಳಿಜಾರಿನ ಮೇಲ್ಭಾಗಕ್ಕೆ ಹುಡುಕ್ತಾ ಹೋಗಿ. ಕಲೆಯಲ್ಲಿ ಒಂದರೊಳಗೊಂದು ಉಂಗುರ ಇದ್ದರೆ ಅದು ಹಲವು ಸಲ ನೆಂದು ಒಣಗಿದೆ ಅಂತ ಅರ್ಥ. ಅಡ್ಜಸ್ಟರ್ (ಹಾನಿ ಅಳೆಯೋಕೆ ಇನ್ಶೂರೆನ್ಸ್ ಕಂಪನಿ ಕಳಿಸೋರು) ಮೊದಲು ನೋಡೋದೂ ಅದನ್ನೇ.

ಕ್ಲೇಮು_ಕಡತ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಎಚ್‌ಒ-3 (ಮನೆ ಮಾಲೀಕರ ಸಾಮಾನ್ಯ ಪಾಲಿಸಿ) ಮಾದರಿಯ ಹಲವು ಪಾಲಿಸಿಗಳಲ್ಲಿ ಸೀಳಿದ ಬೂಟ್‌ಗೆ ಹಣ ಬರುವುದಿಲ್ಲ, ಏಕೆಂದರೆ ಅದು ಸವೆತ. ಆದರೆ ಅದರಿಂದ ಒಮ್ಮೆಗೇ ಆದ ಸೀಲಿಂಗ್ ಹಾನಿಗೆ ಬರಬಹುದು. ತಿಂಗಳುಗಟ್ಟಲೆ ಒಸರಿದ್ದಕ್ಕೆ ಬರುವುದಿಲ್ಲ. ಇನ್ನು ಮನೆಯೊಳಗಿನ ಸಾಮಾನು, ಅಂದರೆ ಹಾಸಿಗೆ, ಟಿವಿ, ಸೀರೆ ಪೆಟ್ಟಿಗೆ, ಇವು ಮಳೆನೀರಿಗೆ ನೆಂದರೆ ಗಾಳಿ ಅಥವಾ ಆಲಿಕಲ್ಲು ಮೊದಲು ರೂಫ್‌ನಲ್ಲಿ ತೂತು ಮಾಡಿರಬೇಕು ಎಂಬ ಷರತ್ತಿರುತ್ತದೆ. ಒಂದೇ ಸೋರಿಕೆಯಲ್ಲಿ ಬೂಟ್, ಸೀಲಿಂಗ್, ಸಾಮಾನು ಮೂರಕ್ಕೂ ಮೂರು ಬೇರೆ ಉತ್ತರ ಬರುವುದು ಇದರಿಂದಲೇ.

ಈಗ ಹಣದ ಲೆಕ್ಕ. ಪಾಲಿಸಿಯ ಡಿಕ್ಲರೇಷನ್ ಪುಟದಲ್ಲಿ ಎರಡು ವಿಷಯ ನೋಡಿ: ವಿಂಡ್-ಹೇಲ್ ಡಿಡಕ್ಟಿಬಲ್ ಎಷ್ಟು, ರೂಫ್‌ಗೆ ಆರ್‌ಸಿವಿ (ಹೊಸದು ಹಾಕುವ ಪೂರ್ತಿ ಖರ್ಚು, ಸವಕಳಿಯ ಪಾಲು ಕೆಲಸ ಮುಗಿದ ಮೇಲೆ) ಇದೆಯೋ ಎಸಿವಿ (ವಯಸ್ಸಿನ ಸವಕಳಿ ಕಳೆದ ಬೆಲೆ ಮಾತ್ರ) ಇದೆಯೋ. ಶೇಕಡಾ ಲೆಕ್ಕ ಹಾಕುವುದು ರೂಫ್ ಖರ್ಚಿನ ಮೇಲಲ್ಲ, ಮನೆಯ ಡ್ವೆಲ್ಲಿಂಗ್ ಮೊತ್ತದ (ಕಟ್ಟಡಕ್ಕೆ ಮಾಡಿಸಿದ ಇನ್ಶೂರೆನ್ಸ್ ಮೊತ್ತ) ಮೇಲೆ. ಬಹಳ ಜನ ಇಲ್ಲೇ ಎಡವುತ್ತಾರೆ.

ಡ್ವೆಲ್ಲಿಂಗ್ ಮೊತ್ತ 5,00,000 ಡಾಲರ್ ಎಂದುಕೊಳ್ಳಿ. 2% ಎಂದರೆ 10,000. ಹೊಸ ರೂಫ್‌ಗೆ 18,000 ಆಗುತ್ತದೆ ಎನ್ನೋಣ. ಶಿಂಗಲ್ ಆಯಸ್ಸು 25 ವರ್ಷ ಎಂದು ಹಿಡಿದರೆ 12 ವರ್ಷಕ್ಕೆ 48% ಸವಕಳಿ, ಅಂದರೆ 8,640. ಉಳಿದ ಬೆಲೆ 9,360.

ಆರ್‌ಸಿವಿ ಇದ್ದರೆ: ಮೊದಲ ಚೆಕ್ ಸೊನ್ನೆ, ಏಕೆಂದರೆ 9,360 ಡಿಡಕ್ಟಿಬಲ್‌ಗಿಂತ ಕಡಿಮೆ. ಕೆಲಸ ಮುಗಿಸಿ ಬಿಲ್ ಕೊಟ್ಟ ಮೇಲೆ 8,000 ಬರುತ್ತದೆ. ಎಸಿವಿ ಇದ್ದರೆ: ಕೊನೆಯವರೆಗೂ ಸೊನ್ನೆ.

ಇದೇ ಮನೆಗೆ 1% ಡಿಡಕ್ಟಿಬಲ್, ಅಂದರೆ 5,000 ಇದ್ದರೆ: ಆರ್‌ಸಿವಿಯಲ್ಲಿ ಮೊದಲು 4,360, ಕೆಲಸ ಮುಗಿದ ಮೇಲೆ 8,640, ಒಟ್ಟು 13,000. ಎಸಿವಿಯಲ್ಲಿ 4,360ಕ್ಕೆ ಮುಗಿಯಿತು.

ರಿನ್ಯೂವಲ್ ಸಮಯದಲ್ಲಿ 'ರೂಫ್ ಪೇಮೆಂಟ್ ಶೆಡ್ಯೂಲ್' ಎಂಬ ಒಂದು ಹಾಳೆ ಸೇರಿಸಿ ಕಳಿಸಿರುತ್ತಾರೆ. ರೂಫ್ ವಯಸ್ಸಿಗೆ ತಕ್ಕ ಶೇಕಡಾವಾರು ಪಟ್ಟಿ ಅದು. ಅದು ಬಂದಿದ್ದರೆ ಮನೆಯೆಲ್ಲ ಆರ್‌ಸಿವಿ ಇದ್ದರೂ ರೂಫ್ ಮಾತ್ರ ಎಸಿವಿಗೆ ಇಳಿದಂತೆ. ಪ್ರೀಮಿಯಂ ಸ್ವಲ್ಪ ಕಡಿಮೆಯಾಯಿತು ಎಂದು ಖುಷಿಪಟ್ಟವರಿಗೆ ಅದರ ಕಾರಣ ಆಲಿಕಲ್ಲು ಬಿದ್ದಾಗ ತಿಳಿಯುತ್ತದೆ.

ಪ್ಲೇನೋ_ಪಡಸಾಲೆ

ಪಾಲಿಸಿ ತೆಗೆದು ನೋಡಿದೆ. ಆರ್‌ಸಿವಿ ಇದೆ, ಆ ಹಾಳೆ ಇಲ್ಲ, ಸದ್ಯ. ಡ್ವೆಲ್ಲಿಂಗ್ ಮೊತ್ತವೂ ನೀವು ಹೇಳಿದ ಆಸುಪಾಸಿನಲ್ಲೇ ಇದೆ. ಹಾಗಾದರೆ ಕ್ಲೇಮ್ ಹಾಕಿದರೆ ನನಗೆ ಸಿಗೋದು 8,000 ಅಷ್ಟೇನಾ? ಲೈಫ್‌ಟೈಮ್ ವಾರಂಟಿಯಿಂದ ಏನೂ ಗಿಟ್ಟಲ್ವಾ? ನಾವು ಎರಡನೇ ಮಾಲೀಕರು.

ಕ್ಲೇಮು_ಕಡತ

ಡಿಡಕ್ಟಿಬಲ್ ಒಂದು ಘಟನೆಗೆ ಒಂದೇ ಸಲ, ಒಂದೊಂದು ವಸ್ತುವಿಗೂ ಅಲ್ಲ. ಹಾಗಾಗಿ ರೂಫ್ ಮಾತ್ರ ಲೆಕ್ಕ ಹಾಕಬೇಡಿ. ಗಟರ್, ಡೌನ್‌ಸ್ಪೌಟ್, ಎಸಿ ಕಾಯಿಲ್, ಕಿಟಕಿ ಸ್ಕ್ರೀನ್, ಗರಾಜ್ ಬಾಗಿಲು, ಫೆನ್ಸ್, ಎಲ್ಲವೂ ಒಂದೇ ಎಸ್ಟಿಮೇಟ್‌ಗೆ ಬರಬೇಕು. ಜೊತೆಗೆ 'ಆರ್ಡಿನೆನ್ಸ್ ಆರ್ ಲಾ' ಕವರೇಜ್ ಇದೆಯೇ ನೋಡಿ. ಕಟ್ಟಿದಾಗ ಇಲ್ಲದ ಡ್ರಿಪ್ ಎಡ್ಜ್ (ರೂಫ್ ಅಂಚಿನ ಲೋಹದ ಪಟ್ಟಿ) ಈಗಿನ ಕೋಡ್ ಪ್ರಕಾರ ಹಾಕಲೇಬೇಕೆಂದರೆ ಆ ಖರ್ಚು ಬರುವುದು ಆ ಕವರೇಜ್‌ನಿಂದ.

ಶಿಂಗಲ್_ಶಾಸ್ತ್ರಿ

'ಲೈಫ್‌ಟೈಮ್' ಅನ್ನೋದು ಯಾರ ಲೈಫ್‌ಟೈಮ್ ಅಂತ ಕೇಳಿ ಸ್ವಾಮಿ. ಮೊದಲ ಮಾಲೀಕ, ಒಂಟಿ ಮನೆ, ಅವರು ಆ ಮನೆಯ ಒಡೆಯರಾಗಿ ಇರೋವರೆಗೆ. ಎರಡನೆಯವರಿಗೆ ಸಾಮಾನ್ಯವಾಗಿ ಒಂದೇ ಸಲ ವರ್ಗಾವಣೆ, ಅದೂ ಮನೆ ಕೈಬದಲಾದ ಮೇಲೆ ಗೊತ್ತುಪಡಿಸಿದ ಅವಧಿಯೊಳಗೆ ಕಂಪನಿಗೆ ಬರೆದು ತಿಳಿಸಿದ್ದರೆ. ತಿಳಿಸದಿದ್ದರೆ ಆ ಕಾಗದ ಫ್ರೇಮ್ ಹಾಕಿಸೋಕೆ ಲಾಯಕ್ಕು.

ಸರಿ, ವರ್ಗಾವಣೆ ಆಗಿದೆ ಅಂತಲೇ ಇಟ್ಕೊಳ್ಳಿ. ದೊಡ್ಡ ಶಿಂಗಲ್ ಕಂಪನಿಗಳ ಸಾಮಾನ್ಯ ವಾರಂಟಿ ಎರಡು ಹಂತದಲ್ಲಿ ನಡೆಯುತ್ತೆ. ಆರ್ಕಿಟೆಕ್ಚರಲ್ ಶಿಂಗಲ್‌ಗೆ ಮೊದಲ 10 ವರ್ಷ ಮಾಲು ಮತ್ತು ಹಾಕುವ ಕೂಲಿ, ಸವಕಳಿ ಕಳೆಯದೆ. ಅದರಲ್ಲೂ ಹಳೆಯದನ್ನು ಕೀಳುವ, ಕಸ ಸಾಗಿಸುವ ಖರ್ಚು ಸೇರಿರಲ್ಲ. 10 ವರ್ಷ ದಾಟಿದ ಮೇಲೆ ಮಾಲು ಮಾತ್ರ, ಅದೂ ವರ್ಷ ವರ್ಷಕ್ಕೆ ಕರಗುತ್ತಾ ಹೋಗುತ್ತೆ. ಹೊಸ ರೂಫ್ ಬಿಲ್‌ನಲ್ಲಿ ಶಿಂಗಲ್ ಬೆಲೆ ಒಂದು ಭಾಗ ಅಷ್ಟೇ. ಕೂಲಿ, ಅಂಡರ್‌ಲೇಮೆಂಟ್ (ಶಿಂಗಲ್ ಕೆಳಗಿನ ಹಾಳೆ), ಫ್ಲಾಶಿಂಗ್ (ಸಂದಿಗಳಲ್ಲಿ ನೀರು ತಡೆಯೋ ತಗಡು), ಡಂಪ್‌ಸ್ಟರ್ (ಕಸದ ದೊಡ್ಡ ಡಬ್ಬ) ಎಲ್ಲ ನಿಮ್ಮದೇ. 12ನೇ ವರ್ಷದಲ್ಲಿ ನಿಜವಾದ ತಯಾರಿಕಾ ದೋಷ ಸಾಬೀತಾದರೂ ಕೈಗೆ ಬರೋ ಮೊತ್ತ ನೋಡಿ ನಗು ಬರುತ್ತೆ.

ಗಾಳಿಗೆ ಬೇರೆ ಕಲಂ ಇರುತ್ತೆ, ಸಾಮಾನ್ಯವಾಗಿ 15 ವರ್ಷ. ಹಲವು ಶಿಂಗಲ್‌ಗಳಿಗೆ ಗಂಟೆಗೆ 110 ಮೈಲಿ. 6 ಮೊಳೆ ಹೊಡೆದು, ಅದೇ ಕಂಪನಿಯ ಸ್ಟಾರ್ಟರ್ ಪಟ್ಟಿ (ರೂಫ್ ಅಂಚಿನಲ್ಲಿ ಮೊದಲ ಸಾಲಿನ ಕೆಳಗೆ ಹಾಕೋದು) ಹಾಕಿದ್ದರೆ 130. ಪಾಚಿಯ ಕಪ್ಪು ಗೆರೆಗಳಿಗೆ ಮತ್ತೊಂದು ಕಲಂ, ಮತ್ತೊಂದು ಅವಧಿ. 'ಲೈಫ್‌ಟೈಮ್' ಅಂತ ದಪ್ಪಕ್ಷರದಲ್ಲಿ ಇರೋದರ ಕೆಳಗೆ ಇಷ್ಟೆಲ್ಲ ಸಣ್ಣಕ್ಷರ.

ಮೆಕಿನಿ_ಮೆಣಸು

ಹೊಸ ಮನೆ ತಗೊಂಡವರಿಗೆ ಬಿಲ್ಡರ್ ವಾರಂಟಿ ಅಂತ ಇನ್ನೊಂದಿದೆ ಅಲ್ವಾ, ಅದರಲ್ಲಿ ರೂಫ್ ಬರುತ್ತಾ?

ಶಿಂಗಲ್_ಶಾಸ್ತ್ರಿ

ಬರುತ್ತೆ, ಚಿಕ್ಕ ಅವಧಿಗೆ. ಟೆಕ್ಸಸ್‌ನಲ್ಲಿ ರೂಢಿಯಲ್ಲಿರೋದು 1-2-10: ಕೆಲಸ ಮತ್ತು ಮಾಲಿಗೆ 1 ವರ್ಷ, ಪ್ಲಂಬಿಂಗ್, ವಿದ್ಯುತ್, ಎಸಿ ವ್ಯವಸ್ಥೆಗಳಿಗೆ 2, ರಚನೆಗೆ 10. ಶಿಂಗಲ್ ಹಾಕಿದ್ದರಲ್ಲಿ ತಪ್ಪಿದ್ದರೆ ಅದು ಬರೋದು ಮೊದಲ ವರ್ಷದ ಗೂಡಿಗೆ. 2023ರ ಕಾನೂನಿನ ಪ್ರಕಾರ ಬಿಲ್ಡರ್ 1-2-6 ಲಿಖಿತ ವಾರಂಟಿ ಕೊಟ್ಟಿದ್ದರೆ ಅವರ ಮೇಲೆ ದಾವೆ ಹಾಕುವ ಗರಿಷ್ಠ ಗಡುವು 10 ವರ್ಷದಿಂದ 6ಕ್ಕೆ ಇಳಿಯುತ್ತೆ. ಹೊಸ ಮನೆಯವರು 11ನೇ ತಿಂಗಳಲ್ಲಿ ಇನ್ಸ್‌ಪೆಕ್ಟರ್ ಕರೆಸಿ, ರೂಫ್ ಮೇಲೂ ಹತ್ತಿಸಿ, ಪಟ್ಟಿಯನ್ನು ಇಮೇಲ್‌ನಲ್ಲಿ ಬಿಲ್ಡರ್‌ಗೆ ಕಳಿಸಿ. ಫೋನ್‌ನಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ.

ಏಣಿ_ಮೇಲೆ

ಶಾಸ್ತ್ರಿಗಳು ಹೇಳಿದ್ದು ಸಾಮಾನ್ಯ ವಾರಂಟಿ. ಕಂಪನಿ ಪ್ರಮಾಣೀಕರಿಸಿದ ರೂಫರ್ ಮೂಲಕ ಕೊಳ್ಳೋ 'ಸಿಸ್ಟಮ್ ವಾರಂಟಿ' ಬೇರೆ, ಅದನ್ನ ಪೂರ್ತಿ ತಳ್ಳಿಹಾಕಬೇಡಿ. ಸ್ಟಾರ್ಟರ್, ಅಂಡರ್‌ಲೇಮೆಂಟ್, ರಿಡ್ಜ್ ಕ್ಯಾಪ್, ವೆಂಟ್ ಎಲ್ಲ ಒಂದೇ ಕಂಪನಿಯದು ಹಾಕಿ, ನಿಗದಿತ ದಿನದೊಳಗೆ ನೋಂದಾಯಿಸಿದರೆ ಕೆಲಸದ ತಪ್ಪಿಗೂ ಕಂಪನಿಯೇ ಹೊಣೆ ಹೊರುತ್ತೆ, ಕೆಲವದರಲ್ಲಿ 25 ವರ್ಷದವರೆಗೆ. ರೂಫರ್ ಅಂಗಡಿ ಮುಚ್ಚಿಕೊಂಡು ಹೋದರೂ ವಾರಂಟಿ ಉಳಿಯುತ್ತೆ. ಟೆಕ್ಸಸ್‌ನಲ್ಲಿ ರೂಫರ್‌ಗೆ ರಾಜ್ಯದ ಲೈಸೆನ್ಸೇ ಬೇಕಿಲ್ಲ. ಆಲಿಕಲ್ಲಿನ ಹಿಂದೆ ಬಂದು ಮುಂದಿನ ಆಲಿಕಲ್ಲಿಗೆ ಬೇರೆ ಊರಿಗೆ ಹೋಗೋ ಟ್ರಕ್ಕಿನವರ ಕಾಗದದಲ್ಲಿ '10 ವರ್ಷ ವರ್ಕ್‌ಮನ್‌ಶಿಪ್' ಅಂತ ಬರೆದಿದ್ದರೆ, ಎರಡನೇ ವರ್ಷದಲ್ಲಿ ಫೋನ್ ಎತ್ತೋರು ಯಾರು?

ಕೆಲಸದ ತಪ್ಪು ಅಂದರೆ ಏನು ಅನ್ನೋದೂ ಗೊತ್ತಿರಲಿ. ಶಿಂಗಲ್ ಮೇಲೆ ಮೊಳೆ ಹೊಡೆಯೋಕೆ ಗುರುತಿನ ಪಟ್ಟಿ ಇರುತ್ತೆ. ಅದಕ್ಕಿಂತ ಒಂದಿಂಚು ಮೇಲೆ ಹೊಡೆದರೆ ಮೊಳೆ ಕೆಳಗಿನ ಶಿಂಗಲ್‌ನ ತಲೆ ಹಿಡಿಯಲ್ಲ. ಹೊಡೆದದ್ದು ನಾಲ್ಕು, ಹಿಡಿದದ್ದು ಅರ್ಧ. ಗನ್‌ನ ಗಾಳಿಯ ಒತ್ತಡ ಜಾಸ್ತಿ ಇದ್ದರೆ ಮೊಳೆ ತಲೆ ಶಿಂಗಲ್ ಸೀಳಿಕೊಂಡು ಒಳಗೆ ಹೋಗುತ್ತೆ, ಕಡಿಮೆ ಇದ್ದರೆ ತಲೆ ಮೇಲೆ ನಿಂತು ಮೇಲಿನ ಶಿಂಗಲ್ ಅಂಟಲ್ಲ. ಮೊಳೆ ಹಲಗೆಯೊಳಗೆ ಮುಕ್ಕಾಲು ಇಂಚು ಇಳಿಯಬೇಕು ಅಥವಾ ಹಲಗೆ ತೆಳು ಇದ್ದರೆ ಆಚೆ ಬರಬೇಕು. ಆಟಿಕ್‌ನಲ್ಲಿ ತಲೆಯೆತ್ತಿ ನೋಡಿದರೆ ಮೊಳೆಮೊನೆಗಳು ಸಾಲಾಗಿ ಕಾಣಬೇಕು.

ವಾರಂಟಿ ನಿರಾಕರಿಸೋಕೆ ಕಂಪನಿಗಳು ಮೊದಲು ಎತ್ತೋ ವಿಷಯ ಆಟಿಕ್ ಗಾಳಿ. ಕೋಡ್ ಪ್ರಕಾರ ಆಟಿಕ್ ನೆಲದ 150ರಲ್ಲಿ ಒಂದು ಭಾಗ ತೆರಪು ಬೇಕು. ಮೇಲೆ-ಕೆಳಗೆ ಸಮವಾಗಿ ಹಂಚಿದ್ದರೆ 300ರಲ್ಲಿ ಒಂದು ಸಾಕು. 1,500 ಚದರಡಿ ಆಟಿಕ್‌ಗೆ 300ರ ಲೆಕ್ಕದಲ್ಲಿ 5 ಚದರಡಿ, ಅಂದರೆ 720 ಚದರ ಇಂಚು; ಅರ್ಧ ಸಾಫಿಟ್‌ನಲ್ಲಿ (ಸೂರಿನ ಕೆಳಭಾಗ), ಅರ್ಧ ರಿಡ್ಜ್‌ನಲ್ಲಿ (ರೂಫ್‌ನ ತುದಿ). ಲೆಕ್ಕ ಸರಿ ಇದ್ದರೂ ಇನ್ಸುಲೇಷನ್ ಊದಿಸುವಾಗ ಸಾಫಿಟ್ ಬಾಯಿ ಮುಚ್ಚಿಬಿಟ್ಟಿರ್ತಾರೆ. ಅದನ್ನ ಕೈಯಲ್ಲಿ ಸರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಹೂಸ್ಟನ್_ಹೆಂಚು

ಹಾಗಾದರೆ ಮೊಳೆ ತಪ್ಪಾಗಿ ಹೊಡೆದ ಶಿಂಗಲ್ 60 ಮೈಲಿ ಗಾಳಿಗೆ ಹಾರಿಹೋದರೆ? ವಾರಂಟಿಯವರು ಗಾಳಿ ಅಂತಾರೆ, ಇನ್ಶೂರೆನ್ಸ್‌ನವರು ಮೊಳೆ ಅಂತಾರೆ. ಇಬ್ಬರ ಜಗಳದಲ್ಲಿ ನಾವು ಬಕೆಟ್ ಇಟ್ಕೊಂಡು ಕೂರಬೇಕಾ?

ಏಣಿ_ಮೇಲೆ

ಅಲ್ಲಿ ಇನ್ಶೂರೆನ್ಸ್‌ನವರು ನೂರಕ್ಕೆ ತೊಂಬತ್ತು ಸಲ ಕೈ ಎತ್ತುತ್ತಾರೆ. 'ಇನ್‌ಸ್ಟಲೇಷನ್ ಡಿಫೆಕ್ಟ್' ಅಂತ ಒಂದು ಸಾಲು ಬರೆದು ಕಡತ ಮುಚ್ತಾರೆ.

ಕ್ಲೇಮು_ಕಡತ

ಆ ಅಂಕಿ ಎಲ್ಲಿಂದ ಬಂತೋ, ನಾನು ಒಪ್ಪುವುದಿಲ್ಲ. ಕೆಟ್ಟ ಕೆಲಸವನ್ನು ಸರಿಪಡಿಸುವ ಖರ್ಚು ಪಾಲಿಸಿಯಿಂದ ಹೊರಗೆ, ನಿಜ. ಆದರೆ ಗಾಳಿ ನಿಜವಾಗಿ ಶಿಂಗಲ್ ಕಿತ್ತಿದ್ದರೆ ಅದು ಗಾಳಿಯ ಹಾನಿಯೇ. ನಿರಾಕರಿಸಿದ ಪತ್ರದಲ್ಲಿ ಪಾಲಿಸಿಯ ಯಾವ ಕಲಂ ಎಂದು ಬರೆದುಕೊಡಲು ಕೇಳಿ. ಜಗಳ ಸಾಮಾನ್ಯವಾಗಿ ಹಾರಿಹೋದ ಹತ್ತು ಶಿಂಗಲ್‌ಗಳ ಬಗ್ಗೆ ಅಲ್ಲ, ಅಂಟು ಬಿಟ್ಟು ಇನ್ನೂ ಅಲ್ಲೇ ಇರುವ ಇನ್ನೂರರ ಬಗ್ಗೆ. ಅಂಟು ಬಿಟ್ಟದ್ದು ವಯಸ್ಸಿನಿಂದಲೂ ಆಗುತ್ತದೆ, ಹಾಕುವಾಗ ಧೂಳು ಕೂತಿದ್ದರಿಂದಲೂ ಆಗುತ್ತದೆ. ಗಾಳಿ ಎತ್ತಿ ಮಡಚಿದ್ದರೆ ಶಿಂಗಲ್‌ನ ಅಡ್ಡಕ್ಕೆ, ಮೇಲಿನ ಶಿಂಗಲ್ ಅಂಚಿನ ಹತ್ತಿರ, ಒಂದು ಮಡಿಕೆ ಗೆರೆ ಉಳಿಯುತ್ತದೆ. ಆ ಗೆರೆಯಲ್ಲಿ ಶಿಂಗಲ್ ಮೇಲಿನ ಕಲ್ಲಿನ ಹರಳು ಉದುರಿರುತ್ತದೆ. ಆ ಗೆರೆಯ ಹತ್ತಿರದ ಫೋಟೋ ಇದ್ದರೆ ವಾದ ಗಟ್ಟಿ. ಬರೀ ಅಂಟು ಬಿಟ್ಟಿದೆ ಎಂದರೆ ಸಾಲದು.

ಏಣಿ_ಮೇಲೆ

ಮಡಿಕೆ ಗೆರೆ ವಿಷಯ ಒಪ್ಪಿದೆ. ತೊಂಬತ್ತು ಅಂದದ್ದು ಸಿಟ್ಟಿಗೆ, ಲೆಕ್ಕಕ್ಕಲ್ಲ.

ಆಲಿಕಲ್ಲಿಗೂ ಹೀಗೇ ಗುರುತು ಇದೆ. ನಿಜವಾದ ಪೆಟ್ಟಿನ ಜಾಗದಲ್ಲಿ ಹರಳು ಒಳಕ್ಕೆ ಕೂತು ಕಪ್ಪಗಿರುತ್ತೆ, ಬೆರಳಲ್ಲಿ ಒತ್ತಿದರೆ ಪೆಟ್ಟು ಬಿದ್ದ ಸೇಬಿನ ಹಾಗೆ ಮೆತ್ತಗಿರುತ್ತೆ, ಏಕೆಂದರೆ ಒಳಗಿನ ಫೈಬರ್‌ಗ್ಲಾಸ್ ಚಾಪೆ ಮುರಿದಿರುತ್ತೆ. ಬ್ಲಿಸ್ಟರ್ ಅಂತ ಇನ್ನೊಂದಿದೆ, ಶಿಂಗಲ್ ಒಳಗಿನ ತೇವ ಅಥವಾ ಗಾಳಿ ಬಿಸಿಲಿಗೆ ಉಬ್ಬಿ ಒಡೆದದ್ದು. ಅದರ ಗುಳಿಯ ಅಂಚು ಕಡಿದಾಗಿರುತ್ತೆ, ಒತ್ತಿದರೆ ಕೆಳಗೆ ಗಟ್ಟಿ. ಬ್ಲಿಸ್ಟರ್ ಆದರೆ ಇನ್ಶೂರೆನ್ಸ್ ಅಲ್ಲ, ವಾರಂಟಿಯವರನ್ನ ಕೇಳಬೇಕು, ಅವರೂ ಸುಲಭಕ್ಕೆ ಒಪ್ಪಲ್ಲ. ಆಲಿಕಲ್ಲಿನ ಪೆಟ್ಟು ಎಲ್ಲೆಂದರಲ್ಲಿ ಬಿದ್ದಿರುತ್ತೆ, ಗಾಳಿ ಬಂದ ದಿಕ್ಕಿನ ಇಳಿಜಾರಿನಲ್ಲಿ ಹೆಚ್ಚು. ಸಾಲಾಗಿ, ಒಂದೇ ಅಳತೆಯಲ್ಲಿ ಇದ್ದರೆ ಅದು ಆಲಿಕಲ್ಲಲ್ಲ, ಯಾರದೋ ಸುತ್ತಿಗೆ. ಅಡ್ಜಸ್ಟರ್‌ಗಳು ಇದನ್ನ ದೂರದಿಂದಲೇ ಹಿಡೀತಾರೆ.

ರೂಫ್ ಹತ್ತೋ ಮುಂಚೆ ನೆಲದಿಂದಲೇ ಸಾಕ್ಷಿ ತೆಗೆಯಿರಿ: ವೆಂಟ್ ಮುಚ್ಚಳ, ಗಟರ್, ಎಸಿ ರೆಕ್ಕೆಗಳ ತಗ್ಗು, ಮೇಲ್‌ಬಾಕ್ಸ್, ಫೆನ್ಸ್ ಮೇಲೆ ಧೂಳು-ಬಣ್ಣ ತೊಳೆದು ಹೋದ ಮಚ್ಚೆಗಳು. ಆ ಮಚ್ಚೆಗಳು ಕೆಲವು ವಾರಕ್ಕೆ ಮಾಸಿಹೋಗುತ್ತವೆ, ಈ ಆಲಿಕಲ್ಲು ಇತ್ತೀಚಿನದು ಅನ್ನೋಕೆ ಅವೇ ಸಾಕ್ಷಿ. ಅಡ್ಜಸ್ಟರ್ ಮೇಲೆ ಹತ್ತಿ ಪ್ರತಿ ಇಳಿಜಾರಿನಲ್ಲೂ 10 ಅಡಿ × 10 ಅಡಿ ಚೌಕ ಸೀಮೆಸುಣ್ಣದಲ್ಲಿ ಬರೆದು ಒಳಗಿನ ಪೆಟ್ಟು ಎಣಿಸ್ತಾರೆ. ನಿಮ್ಮ ರೂಫರ್ ಆ ಹೊತ್ತಿಗೆ ಅಲ್ಲಿರಲಿ.

ಕ್ಲೇಮು_ಕಡತ

ಇರಲಿ, ಆದರೆ ಅವರ ಕೆಲಸ ಹಾನಿ ತೋರಿಸುವುದು, ಬೆಲೆ ಹೇಳುವುದು ಅಷ್ಟೇ. ಟೆಕ್ಸಸ್‌ನಲ್ಲಿ ರೂಫ್ ಹಾಕುವವರೇ ನಿಮ್ಮ ಪರವಾಗಿ ಕ್ಲೇಮ್ ಚೌಕಾಸಿ ಮಾಡುವಂತಿಲ್ಲ. ಆ ನಿಷೇಧವನ್ನು ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿಹಿಡಿದಿದೆ. ಚೌಕಾಸಿಗೆ ಜನ ಬೇಕಿದ್ದರೆ ಲೈಸೆನ್ಸ್ ಇರುವ ಪಬ್ಲಿಕ್ ಅಡ್ಜಸ್ಟರ್ ಇದ್ದಾರೆ. ಅವರ ಶುಲ್ಕ ಕ್ಲೇಮ್ ಹಣದ 10% ಮೀರುವಂತಿಲ್ಲ.

ಇನ್ನು 'ಡಿಡಕ್ಟಿಬಲ್ ನೋಡ್ಕೋತೀವಿ' ಎಂಬ ಮಾತು. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಇದು ಅಪರಾಧ: 2,000 ಡಾಲರ್‌ವರೆಗೆ ದಂಡ, 180 ದಿನದವರೆಗೆ ಜೈಲು. ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆ ಕೊಡಿ ಎಂದು ಇನ್ಶೂರೆನ್ಸ್ ಕಂಪನಿ ಕೇಳಬಹುದು. ಚೆಕ್ ಪ್ರತಿಯೋ ಕಾರ್ಡ್ ರಸೀದಿಯೋ ಕೊಡುವ ತನಕ ಸವಕಳಿಯ ಹಣ ತಡೆಹಿಡಿಯಬಹುದು. ಬಿಲ್ ಉಬ್ಬಿಸಿ ಡಿಡಕ್ಟಿಬಲ್ ಮುಚ್ಚುವುದು, 'ಯಾರ್ಡ್ ಸೈನ್ ಜಾಹೀರಾತು ಹಣ' (ಮನೆ ಮುಂದೆ ರೂಫರ್ ಫಲಕ ನೆಟ್ಟಿದ್ದಕ್ಕೆ) ಎಂದು ವಾಪಸ್ ಕೊಡುವುದು, ಎಲ್ಲ ಒಂದೇ ಲೆಕ್ಕ. ಉಬ್ಬಿದ ಬಿಲ್ ಕಂಪನಿಗೆ ಹೋಗುವುದು ನಿಮ್ಮ ಕ್ಲೇಮ್ ನಂಬರಿನಲ್ಲಿ ಎಂಬುದು ನೆನಪಿರಲಿ.

ಕ್ರಮ ಹೀಗಿರಲಿ. ಕ್ಲೇಮ್ ನಂಬರ್ ತೆಗೆಸುವ ಮುನ್ನವೇ ಸ್ಥಳೀಯ ರೂಫರ್ ಒಬ್ಬರಿಂದ, ಸಾಧ್ಯವಾದರೆ ಇಬ್ಬರಿಂದ, ಬರೀ ತಪಾಸಣೆ ಮಾಡಿಸಿ. ಹಾನಿ ಡಿಡಕ್ಟಿಬಲ್‌ಗಿಂತ ಸಾಕಷ್ಟು ಮೇಲಿದ್ದರಷ್ಟೇ ಕ್ಲೇಮ್. ಸೊನ್ನೆ ಹಣ ಬಂದ ಕ್ಲೇಮ್ ಕೂಡ ಕ್ಲೂ ವರದಿಯಲ್ಲಿ (ಇನ್ಶೂರೆನ್ಸ್ ಕಂಪನಿಗಳು ನೋಡುವ ಕ್ಲೇಮ್ ಇತಿಹಾಸ) 7 ವರ್ಷ ಉಳಿಯುತ್ತದೆ, ಬೇರೆ ಕಂಪನಿಗೆ ಹೋದರೂ ಅವರಿಗೆ ಕಾಣುತ್ತದೆ. ನೀರು ಬರುತ್ತಿದ್ದರೆ ಮಾತ್ರ ಕಾಯಬೇಡಿ: ಟಾರ್ಪ್ ಹಾಕಿಸಿ, ರಸೀದಿ ಇಟ್ಟುಕೊಳ್ಳಿ, ಕಿತ್ತ ಶಿಂಗಲ್ ಬಿಸಾಡಬೇಡಿ. ಹಾನಿ ಹೆಚ್ಚಾಗದಂತೆ ತಡೆಯುವುದು ಪಾಲಿಸಿಯಲ್ಲೇ ಇರುವ ನಿಮ್ಮ ಕರ್ತವ್ಯ.

ಕ್ಲೇಮ್ ಹಾಕಿದ ಮೇಲೆ ಕಂಪನಿ 15 ದಿನದಲ್ಲಿ ಸ್ವೀಕೃತಿ ತಿಳಿಸಿ ಕೆಲಸ ಶುರು ಮಾಡಬೇಕು. ಕೇಳಿದ ಕಾಗದವೆಲ್ಲ ಕೈಸೇರಿದ ಮೇಲೆ 15 ಕೆಲಸದ ದಿನದಲ್ಲಿ ಹೌದು-ಇಲ್ಲ ಹೇಳಬೇಕು. ಹೌದೆಂದರೆ 5 ಕೆಲಸದ ದಿನದಲ್ಲಿ ಹಣ. ದೊಡ್ಡ ಬಿರುಗಾಳಿಯ ಸಮಯದಲ್ಲಿ ಈ ಗಡುವು ಸ್ವಲ್ಪ ಹಿಗ್ಗುತ್ತದೆ. ನಿಮ್ಮ ಕಡೆಯ ಗಡುವೂ ಇದೆ: ಹಲವು ಪಾಲಿಸಿಗಳಲ್ಲಿ ಹಾನಿಯಾದ ದಿನದಿಂದ 1 ವರ್ಷದೊಳಗೆ ಕ್ಲೇಮ್ ಹಾಕಬೇಕು, ಸವಕಳಿ ಹಣ ವಾಪಸ್ ಪಡೆಯಲೂ ಹೀಗೇ ಕಾಲಮಿತಿ ಇರುತ್ತದೆ.

ಸಾಲ ಇದ್ದರೆ ಚೆಕ್‌ನಲ್ಲಿ ನಿಮ್ಮ ಹೆಸರಿನ ಜೊತೆ ಮಾರ್ಟ್‌ಗೇಜ್ ಕಂಪನಿಯ ಹೆಸರೂ ಇರುತ್ತದೆ. ಅವರ 'ಲಾಸ್ ಡ್ರಾಫ್ಟ್' ವಿಭಾಗಕ್ಕೆ ಕಳಿಸಿ ಸಹಿ ಮಾಡಿಸಬೇಕು, ಮೊತ್ತ ದೊಡ್ಡದಾದರೆ ಕಂತಿನಲ್ಲಿ ಬಿಡುತ್ತಾರೆ. ರೂಫರ್ ಜೊತೆ ಹಣ ಕೊಡುವ ದಿನಾಂಕ ಮಾತಾಡುವ ಮುನ್ನ ಅಲ್ಲಿಗೆ ಫೋನ್ ಮಾಡಿ.

ತಂಪಾ_ತೆಂಗು

ಫ್ಲೋರಿಡಾದವರು ಟೆಕ್ಸಸ್ ಲೆಕ್ಕ ಇಲ್ಲಿಗೆ ತರಬೇಡಿ. ಇಲ್ಲಿ ಹೊಸ ಕ್ಲೇಮ್‌ಗೆ 1 ವರ್ಷ, ಪೂರಕ ಕ್ಲೇಮ್‌ಗೆ 18 ತಿಂಗಳು, ಇದು ಕಾನೂನಿನಲ್ಲೇ ಇದೆ. 2023ರ ಜನವರಿ 1ರ ನಂತರದ ಪಾಲಿಸಿಗಳಲ್ಲಿ ಕ್ಲೇಮ್ ಹಕ್ಕನ್ನು ರೂಫರ್‌ಗೆ ಬರೆದುಕೊಡುವಂತಿಲ್ಲ. ರೂಫ್ 15 ವರ್ಷದೊಳಗಿದ್ದರೆ ಬರೀ ವಯಸ್ಸು ತೋರಿಸಿ ಪಾಲಿಸಿ ನಿರಾಕರಿಸುವಂತಿಲ್ಲ. 15 ದಾಟಿದ್ದರೆ ತಪಾಸಣೆ ಮಾಡಿಸಿ, ಕನಿಷ್ಠ 5 ವರ್ಷ ಆಯಸ್ಸು ಉಳಿದಿದೆ ಅನ್ನೋ ವರದಿ ತೋರಿಸಬಹುದು. ಹರಿಕೇನ್ ಡಿಡಕ್ಟಿಬಲ್ ಇಲ್ಲಿ ಬೇರೆಯೇ ಸಾಲು.

ಮೆಕಿನಿ_ಮೆಣಸು

ರೂಫ್ ಬದಲಿಸೋದೇ ಆದರೆ ಕ್ಲಾಸ್ 4 ಶಿಂಗಲ್ ಹಾಕಿಸೋದು ಒಳ್ಳೆಯದಾ? ಇನ್ಶೂರೆನ್ಸ್ ಕಡಿಮೆ ಆಗುತ್ತೆ ಅಂತಾರೆ.

ಶಿಂಗಲ್_ಶಾಸ್ತ್ರಿ

ಕ್ಲಾಸ್ 4 ಅಂದರೆ ಪೆಟ್ಟು ತಡೆಯೋ ಶಕ್ತಿ ಅಳೆಯೋ ಯುಎಲ್ 2218 ಪರೀಕ್ಷೆಯ ಮೇಲಿನ ದರ್ಜೆ: 2 ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸಿದರೂ ಶಿಂಗಲ್ ಸೀಳಬಾರದು. ಹೊಸ ಶಿಂಗಲ್ ಮೇಲೆ ಮಾಡೋ ಪರೀಕ್ಷೆ ಅದು, ಹತ್ತು ಬೇಸಿಗೆ ಕಂಡ ಶಿಂಗಲ್ ಮೇಲಲ್ಲ. ಡಿಸ್ಕೌಂಟ್ ಬೇಕಿದ್ದರೆ ಟೆಕ್ಸಸ್ ಇನ್ಶೂರೆನ್ಸ್ ಇಲಾಖೆಯ ಪಿಸಿ068 ಫಾರ್ಮ್‌ಗೆ ರೂಫರ್ ಸಹಿ ಹಾಕಬೇಕು; ಕೆಲಸ ಮುಗಿದ ದಿನವೇ ತಗೊಳ್ಳಿ. ಆದರೆ ಡಿಸ್ಕೌಂಟ್ ಜೊತೆ 'ಕಾಸ್ಮೆಟಿಕ್ ಡ್ಯಾಮೇಜ್ ಎಕ್ಸ್‌ಕ್ಲೂಷನ್' ಬರುತ್ತಾ ಅಂತ ಏಜೆಂಟ್‌ನ ಕೇಳಿ. ಅದಿದ್ದರೆ ರೂಫ್ ತಗ್ಗುಬಿದ್ದು ಚಂದ ಕೆಟ್ಟರೂ ನೀರು ಸೋರದಿದ್ದರೆ ಹಣ ಇಲ್ಲ. ಲೋಹದ ರೂಫ್ ಇರೋರಿಗೆ ಇದು ನೇರ ಪೆಟ್ಟು.

ಜಯನಗರದ_ಜಗುಲಿ

ಬೆಂಗಳೂರಲ್ಲಿರೋ ಅಪ್ಪ-ಅಮ್ಮನ ಮನೆಗೆ ಇದರಲ್ಲಿ ಏನು ಅನ್ವಯಿಸುತ್ತೆ? ಆರ್‌ಸಿಸಿ ಟೆರೇಸ್. 10 ವರ್ಷ ವಾಟರ್‌ಪ್ರೂಫಿಂಗ್ ವಾರಂಟಿ ಅಂದವರು ಈಗ "ಕ್ರ್ಯಾಕ್ ನಮ್ಮದಲ್ಲ" ಅಂತಿದ್ದಾರೆ.

ಗಾರೆ_ಕರಣೆ

ಅಲ್ಲೂ ಕಾರಣವೇ ಮುಖ್ಯ, ಕಾಗದಗಳು ಬೇರೆ. ವಾಟರ್‌ಪ್ರೂಫಿಂಗ್ ವಾರಂಟಿ ಬಹುತೇಕ ಬಳಿದ ಪದರಕ್ಕೆ ಮಾತ್ರ, ಅಂದರೆ ಮತ್ತೆ ಬಳಿದುಕೊಡ್ತೀವಿ ಅಂತ. ಸ್ಲ್ಯಾಬ್ ಬಿರುಕು, ಆಮೇಲೆ ಸೋಲಾರ್ ಸ್ಟ್ಯಾಂಡ್‌ಗೆ ಕೊರೆದ ತೂತು, ಟೆರೇಸ್ ಕುಂಡ, ಇವೆಲ್ಲ ಹೊರಗೆ. ನೀರು ಬರೋದು ಹೆಚ್ಚಾಗಿ ಎರಡೇ ಜಾಗದಿಂದ: ಮಳೆನೀರು ಪೈಪ್ ಸ್ಲ್ಯಾಬ್ ಸೇರುವಲ್ಲಿ, ಪ್ಯಾರಪೆಟ್ ಗೋಡೆ ಸ್ಲ್ಯಾಬ್ ಕೂಡೋ ಮೂಲೆಯಲ್ಲಿ. ಮೂಲೆಗೆ ಗುಂಡಗೆ ಗಾರೆ ಕಟ್ಟಿದ್ದಾರಾ, ಪೈಪ್ ಕಡೆಗೆ ವಾಟ ಇದೆಯಾ ನೋಡಿ. 100 ಅಡಿಗೆ 1 ಅಡಿಯಾದರೂ ಇಳಿಜಾರು ಬೇಕು. ಕೆಲಸ ಮುಗಿದ ಮೇಲೆ ಪೈಪ್ ಬಾಯಿ ಕಟ್ಟಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ಫೋಟೋ ತೆಗೆದು, ಆಮೇಲೆ ಕೊನೆಯ ಕಂತು ಕೊಡಿ.

ಇನ್ಶೂರೆನ್ಸ್: 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಮರ ಬಿದ್ದದ್ದು ಬರುತ್ತೆ. ಸಹಜ ಸವೆತ, ನಿಧಾನ ಒಸರು ಬರಲ್ಲ. ಸಾಗರದ ಕಡೆ ಹೆಂಚಿನ ಮನೆ ಮೇಲೆ ಬಿರುಗಾಳಿಗೆ ತೆಂಗಿನಮರ ಉರುಳಿದರೆ ಹಣ ಕೇಳಬಹುದು. ಸ್ಲ್ಯಾಬ್ ತೇವಕ್ಕೆ ಕೇಳೋ ಹಾಗಿಲ್ಲ. ಮೊತ್ತ ಬರೆಸುವಾಗ ಜಾಗದ ಬೆಲೆ ಸೇರಿಸಬೇಡಿ, ಕಾರ್ಪೆಟ್ ಏರಿಯಾಗೆ ಕಟ್ಟುವ ದರ ಹಾಕಿ. ಬಿಲ್ಡರ್ ಅಪಾರ್ಟ್‌ಮೆಂಟ್ ಆಗಿದ್ದು, ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು) ನೋಂದಣಿ ಆಗಿದ್ದರೆ 14(3) ಸೆಕ್ಷನ್ ಇದೆ: ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ರಚನೆ ಅಥವಾ ಕೆಲಸದ ದೋಷವನ್ನು 30 ದಿನದಲ್ಲಿ ಹಣ ತಗೊಳ್ಳದೆ ಸರಿಪಡಿಸಬೇಕು. ಸ್ವಂತ ಸೈಟ್‌ನಲ್ಲಿ ಮೇಸ್ತ್ರಿ ಹಿಡಿದು ಕಟ್ಟಿಸಿದ್ದರೆ ಅದು ಇಲ್ಲ, ನೀವು ಬರೆಸಿಕೊಂಡ ಒಪ್ಪಂದವೇ ಗತಿ.

ಪ್ಲೇನೋ_ಪಡಸಾಲೆ

ಎಲ್ಲರಿಗೂ ಥ್ಯಾಂಕ್ಸ್. ಆಟಿಕ್ ನೋಡಿದೆ, ಕಲೆ ಇರೋದು ಬಾತ್‌ರೂಮ್ ವೆಂಟ್ ಪೈಪ್ ಕೆಳಗಡೆಯೇ, ಉಂಗುರಗಳೂ ಇವೆ. ಅದನ್ನ ನಾನೇ ರಿಪೇರಿ ಮಾಡಿಸ್ತೀನಿ. ಒಂದು ಹೇಳೋದು ಮರೆತಿದ್ದೆ, ದಕ್ಷಿಣದ ಇಳಿಜಾರಿನ ಮೇಲೆ 18 ಸೋಲಾರ್ ಪ್ಯಾನಲ್ ಇವೆ. ರೂಫ್ ಬದಲಿಸುವಾಗ ಅವನ್ನ ಇಳಿಸಿ ಹತ್ತಿಸೋ ಖರ್ಚು ಯಾರದು?

ಕ್ಲೇಮು_ಕಡತ

ಪ್ಯಾನಲ್ ನಿಮ್ಮ ಸ್ವಂತದ್ದೋ ಲೀಸ್‌ನದ್ದೋ ಮೊದಲು ಹೇಳಿ. ಸ್ವಂತದ್ದಾದರೆ ಸಾಮಾನ್ಯವಾಗಿ ಮನೆಯ ಭಾಗವೆಂದೇ ಲೆಕ್ಕ. ರೂಫ್ ಕ್ಲೇಮ್ ಒಪ್ಪಿದ್ದರೆ ಇಳಿಸಿ ಮತ್ತೆ ಕೂರಿಸುವ ಖರ್ಚನ್ನು ಅದೇ ಎಸ್ಟಿಮೇಟ್‌ನಲ್ಲಿ 'ಡಿಟ್ಯಾಚ್ ಅಂಡ್ ರೀಸೆಟ್' ಸಾಲಾಗಿ ಕೇಳಿ. ಅಡ್ಜಸ್ಟರ್ ಮೊದಲ ಎಸ್ಟಿಮೇಟ್‌ನಲ್ಲಿ ಬಿಟ್ಟಿದ್ದರೆ ಸೋಲಾರ್ ಕಂಪನಿಯ ಲಿಖಿತ ದರ ಸೇರಿಸಿ ಸಪ್ಲಿಮೆಂಟ್ (ಹೆಚ್ಚುವರಿ ಬೇಡಿಕೆ) ಕಳಿಸಿ. ಲೀಸ್ ಆಗಿದ್ದರೆ ಒಪ್ಪಂದದಲ್ಲಿ ಇಳಿಸುವ ದರ ಬರೆದಿರುತ್ತದೆ.

ಏಣಿ_ಮೇಲೆ

ಇಳಿಸೋದು ಸೋಲಾರ್ ಹಾಕಿದವರ ಕೈಯಲ್ಲೇ ಮಾಡಿಸಿ, ರೂಫರ್ ಮುಟ್ಟಿದರೆ ಸೋಲಾರ್‌ನವರ ವಾರಂಟಿ ಹೋಗಬಹುದು. ಹಳೇ ಬ್ರಾಕೆಟ್ ತೂತುಗಳ ಮೇಲೆ ಬರೀ ಕಾಕ್ (ಸಂದಿ ಮುಚ್ಚೋ ಅಂಟು) ಬಳಿದು ಹೋಗೋದಕ್ಕೆ ಬಿಡಬೇಡಿ, ಪ್ರತಿ ಕಾಲಿಗೂ ಹೊಸ ಫ್ಲಾಶಿಂಗ್ ಹಾಕಿಸಿ. ಆ ತೂತುಗಳಲ್ಲಿ ನೀರು ಬಂದರೆ ಹೊಣೆ ಯಾರದು ಅಂತ ರೂಫರ್, ಸೋಲಾರ್ ಇಬ್ಬರ ಒಪ್ಪಂದದಲ್ಲೂ ಬರೆಸಿ. ಪೈಪ್ ಬೂಟ್ ಈಗಲೇ ಬದಲಿಸಿ, ರೂಫ್ ಕೆಲಸಕ್ಕೆ ಅಂತ ಕಾಯಬೇಡಿ. ರಬ್ಬರ್‌ನದ್ದು ಬೇಡ, ಸೀಸದ್ದು ಅಥವಾ ಸಿಲಿಕೋನ್‌ನದ್ದು ಕೇಳಿ. ಸೀಸದ್ದಾದರೆ ಅಳಿಲು ಕಡಿಯುತ್ತೆ, ಹಿತ್ತಲಲ್ಲಿ ಪೆಕಾನ್ ಮರ ಇದ್ದರೆ ಸಿಲಿಕೋನೇ ವಾಸಿ.